ಅಮೆರಿಕದ ಇಮಿಗ್ರೇಶನ್ ಕಾನೂನು: ಓದು ಎಲ್ಲಿಂದ ಶುರು ಮಾಡಬೇಕು, ಫೈಲ್ ಕೆಲಸ ಹೇಗೆ ಕಲಿಯಬೇಕು?

ಹೊಸವಕೀಲ:
ಎಲ್ಲರಿಗೂ ನಮಸ್ಕಾರ. ನ್ಯೂಯಾರ್ಕ್ ಬಾರ್ ಪರೀಕ್ಷೆ ಮುಗಿದಿದೆ, ಮುಂದಿನ ತಿಂಗಳಿಂದ ಸಣ್ಣ ಕಚೇರಿಯೊಂದರಲ್ಲಿ ಇಮಿಗ್ರೇಶನ್ ಕೆಲಸ. ಕುಟುಂಬದ ಅರ್ಜಿಗಳು, ಉದ್ಯೋಗದ ಗ್ರೀನ್ ಕಾರ್ಡ್, ಸ್ವಲ್ಪ ಇಮಿಗ್ರೇಶನ್ ಕೋರ್ಟ್ ಎಲ್ಲವೂ ಇರುತ್ತದೆ. ಕಾಲೇಜಿನಲ್ಲಿ ಈ ವಿಷಯ ತೆಗೆದುಕೊಂಡಿರಲಿಲ್ಲ. ಐಎನ್‌ಎ (ಅಮೆರಿಕದ ಇಮಿಗ್ರೇಶನ್ ಮತ್ತು ರಾಷ್ಟ್ರೀಯತೆ ಕಾಯ್ದೆ) ತೆರೆದರೆ ಒಂದು ಸೆಕ್ಷನ್ ಇನ್ನೊಂದಕ್ಕೆ ಕಳಿಸುತ್ತದೆ, ಅದು ಮತ್ತೊಂದಕ್ಕೆ. ಯಾವ ಕ್ರಮದಲ್ಲಿ ಓದಲಿ? ಫಾರ್ಮ್ ತುಂಬುವುದು ಎಂದರೆ ನಿಜವಾಗಿ ಏನೇನು ಕೆಲಸ? ಹೊಸಬರು ಎಲ್ಲಿ ಎಡವುತ್ತಾರೆ?

ಸೆಕ್ಷನ್‌212:
ಐಎನ್‌ಎಯನ್ನು ಮೊದಲ ಪುಟದಿಂದ ಓದಲು ಹೋಗಬೇಡಿ. 1952ರ ಕಾಯ್ದೆ, ಮೇಲೆ ತಿದ್ದುಪಡಿಗಳ ರಾಶಿ. ಮೊದಲ ಸುತ್ತಿಗೆ ಇಷ್ಟು ಸಾಕು: 101 (ವ್ಯಾಖ್ಯೆಗಳು), 201ರಿಂದ 203 (ಯಾರಿಗೆ ಎಷ್ಟು ವೀಸಾ), 212 (ಒಳಗೆ ಬರಲು ಏನು ಅಡ್ಡಿ), 237 (ಒಳಗಿರುವವರನ್ನು ಯಾವ ಕಾರಣಕ್ಕೆ ಹೊರಹಾಕಬಹುದು), 240 (ಆ ವಿಚಾರಣೆ ಹೇಗೆ ನಡೆಯುತ್ತದೆ), 245 (ದೇಶದೊಳಗಿದ್ದೇ ಗ್ರೀನ್ ಕಾರ್ಡ್). ಕಚೇರಿಯಲ್ಲಿ ಎಲ್ಲರೂ ಈ ಸಂಖ್ಯೆಗಳನ್ನೇ ಹೇಳುತ್ತಾರೆ, ಆದರೆ ಫೆಡರಲ್ ಕೋರ್ಟ್ ತೀರ್ಪುಗಳಲ್ಲಿ ಯು.ಎಸ್. ಕೋಡ್ ಸಂಖ್ಯೆ ಇರುತ್ತದೆ. 212 ಅಂದರೆ 8ನೇ ಟೈಟಲ್‌ನ 1182, 237 ಅಂದರೆ 1227, 245 ಅಂದರೆ 1255. ಈ ಪಟ್ಟಿ ಬರೆದು ಮೇಜಿನ ಮೇಲಿಟ್ಟುಕೊಳ್ಳಿ.

ಓದುವಾಗ ಕಕ್ಷಿದಾರರ ಬಗ್ಗೆ ಕೇಳಬೇಕಾದ ಪ್ರಶ್ನೆಗಳ ಕ್ರಮವನ್ನೂ ರೂಢಿಸಿಕೊಳ್ಳಿ. ಇವರು ಈಗಾಗಲೇ ನಾಗರಿಕರೇ? ಇದನ್ನು ಬಹಳ ಮಂದಿ ಕೇಳುವುದೇ ಇಲ್ಲ. ಗ್ರೀನ್ ಕಾರ್ಡ್ ಇರುವ 18 ವರ್ಷದೊಳಗಿನ ಮಗು ನಾಗರಿಕ ತಂದೆ ಅಥವಾ ತಾಯಿಯ ಕಾನೂನುಬದ್ಧ ಸುಪರ್ದಿಯಲ್ಲಿ, ಅವರ ಜೊತೆಗೇ ಅಮೆರಿಕದಲ್ಲಿ ವಾಸವಿದ್ದರೆ ಸೆಕ್ಷನ್ 320ರ ಪ್ರಕಾರ ತಾನಾಗಿಯೇ ನಾಗರಿಕ. ಅಂಥವರ ಮೇಲೆ ಗಡೀಪಾರು ಪ್ರಕರಣ ನಿಲ್ಲುವುದೇ ಇಲ್ಲ. ಆಮೇಲೆ: ದೇಶದೊಳಗೆ ಹೇಗೆ ಬಂದರು, ತಪಾಸಣೆಯಾಗಿ ಬಂದರೋ ಇಲ್ಲವೋ? ಈಗಿನ ಸ್ಟೇಟಸ್ ಏನು, ಯಾವತ್ತಿನವರೆಗೆ? ಎಷ್ಟು ಸಲ ಹೊರಗೆ ಹೋಗಿ ಬಂದಿದ್ದಾರೆ? ಪೊಲೀಸ್ ಬಂಧನ, ಕೋರ್ಟ್ ಕೇಸು ಯಾವುದಾದರೂ, ಎಲ್ಲೇ ಆಗಿರಲಿ, ಎಷ್ಟೇ ಹಳೆಯದಾಗಿರಲಿ? ಇಷ್ಟಕ್ಕೆ ಉತ್ತರ ಬಂದ ಮೇಲಷ್ಟೇ "ಯಾವ ಫಾರ್ಮ್" ಎಂಬ ಮಾತು.

245(ಎ) ಮತ್ತು 245(ಸಿ) ಒಟ್ಟಿಗೆ ಓದಿ. ತಪಾಸಣೆಯಾಗಿ ಬಂದಿರಬೇಕು ಅಥವಾ ಪರೋಲ್ (ವಿಧಿವತ್ ಪ್ರವೇಶವಲ್ಲದೆ ತಾತ್ಕಾಲಿಕವಾಗಿ ಒಳಬಿಡುವ ಅನುಮತಿ) ಸಿಕ್ಕಿರಬೇಕು, ವೀಸಾ ಸಂಖ್ಯೆ (ವಾರ್ಷಿಕ ಮಿತಿ ಇರುವಲ್ಲಿ ಸರದಿ) ತಕ್ಷಣ ಲಭ್ಯವಿರಬೇಕು, 212ರ ಅಡ್ಡಿ ಇರಬಾರದು ಎನ್ನುತ್ತದೆ (ಎ). ಸ್ಟೇಟಸ್ ತಪ್ಪಿದವರು, ಅನುಮತಿಯಿಲ್ಲದೆ ಕೆಲಸ ಮಾಡಿದವರು ಆಗುವುದಿಲ್ಲ ಎನ್ನುತ್ತದೆ (ಸಿ). ನಾಗರಿಕರ ಗಂಡ ಅಥವಾ ಹೆಂಡತಿ, 21ರೊಳಗಿನ ಅವಿವಾಹಿತ ಮಕ್ಕಳು, 21 ದಾಟಿದ ನಾಗರಿಕರ ತಂದೆತಾಯಿ ಇವರಿಗೆ (ಸಿ)ಯ ಈ ಎರಡು ಅಡ್ಡಿಗಳೂ ಇಲ್ಲ. ಉದ್ಯೋಗದ ಅರ್ಜಿದಾರರಿಗೆ 245(ಕೆ) ಇದೆ: ಕೊನೆಯ ಬಾರಿ ಕಾನೂನುಬದ್ಧವಾಗಿ ಒಳಬಂದ ಮೇಲಿನ ತಪ್ಪು ಒಟ್ಟು 180 ದಿನ ಮೀರಿರದಿದ್ದರೆ ದಾರಿ ತೆರೆದಿರುತ್ತದೆ. ಆ ಕೊನೆಯ ಪ್ರವೇಶದ ದಿನಾಂಕವೊಂದೇ ಎಷ್ಟೋ ಫೈಲ್‌ಗಳ ಹಣೆಬರಹ ಬದಲಿಸುತ್ತದೆ.

ಕಾಯ್ದೆಯ ಕೆಳಗೆ 8 ಸಿಎಫ್‌ಆರ್ (ಫೆಡರಲ್ ನಿಯಮಸಂಗ್ರಹದ 8ನೇ ಟೈಟಲ್) ನಿಯಮಗಳು, ಬಿಐಎ (ಇಮಿಗ್ರೇಶನ್ ಮೇಲ್ಮನವಿ ಮಂಡಳಿ) ಪೂರ್ವನಿದರ್ಶನಗಳು, ನಿಮ್ಮ ಸರ್ಕಿಟ್‌ನ (ನಿಮ್ಮ ಪ್ರದೇಶದ ಫೆಡರಲ್ ಮೇಲ್ಮನವಿ ಕೋರ್ಟ್‌ನ) ತೀರ್ಪುಗಳು, ಆಮೇಲೆ ಇಂಥ ಅರ್ಜಿಗಳನ್ನು ತೀರ್ಮಾನಿಸುವ ಸರ್ಕಾರಿ ಸಂಸ್ಥೆಯಾದ ಯುಎಸ್‌ಸಿಐಎಸ್‌ನ ಪಾಲಿಸಿ ಮ್ಯಾನ್ಯುಯಲ್. ಮ್ಯಾನ್ಯುಯಲ್ ಓದಲು ಸುಲಭ, ಉಚಿತ ಕೂಡ, ಆದರೆ ಅದು ಕಾಯ್ದೆಯಲ್ಲ, ರಾತ್ರೋರಾತ್ರಿ ಬದಲಾಗಬಹುದು. ಮಕ್ಕಳ ವಯಸ್ಸಿನ ಲೆಕ್ಕಕ್ಕೆ (21 ದಾಟಿ ಅರ್ಹತೆ ತಪ್ಪಿದೆಯೇ ಎಂಬುದಕ್ಕೆ) ವೀಸಾ ಬುಲೆಟಿನ್‌ನ (ಯಾರ ಸರದಿ ಬಂದಿದೆ ಎಂದು ತಿಳಿಸುವ ಮಾಸಿಕ ಪ್ರಕಟಣೆಯ) ಯಾವ ಪಟ್ಟಿ ಹಿಡಿಯಬೇಕು ಎಂಬುದನ್ನು 2023ರ ಫೆಬ್ರವರಿಯಲ್ಲಿ ಬದಲಿಸಿದರು, 2025ರ ಆಗಸ್ಟ್ 15ರಿಂದ ಮತ್ತೆ ಹಿಂದಿನದಕ್ಕೆ, ಅಂದರೆ ಫೈನಲ್ ಆ್ಯಕ್ಷನ್ ಪಟ್ಟಿಗೆ (ಗ್ರೀನ್ ಕಾರ್ಡ್ ಕೊಡಬಹುದಾದ ದಿನಾಂಕಗಳ ಪಟ್ಟಿಗೆ), ತಂದರು. ಕಾಯ್ದೆಯ ಒಂದು ಪದವೂ ಬದಲಾಗಿರಲಿಲ್ಲ. ಇನ್ನೊಂದು: ಅಸ್ಪಷ್ಟ ಕಾನೂನಿಗೆ ಸರ್ಕಾರಿ ಇಲಾಖೆ ಕೊಟ್ಟ ಸಮಂಜಸ ಅರ್ಥವನ್ನೇ ಕೋರ್ಟ್ ಒಪ್ಪಬೇಕು ಎಂಬ 1984ರ ಶೆವ್ರಾನ್ ಸಿದ್ಧಾಂತವನ್ನು ಸುಪ್ರೀಂ ಕೋರ್ಟ್ 2024ರಲ್ಲಿ ಲೋಪರ್ ಬ್ರೈಟ್ ಪ್ರಕರಣದಲ್ಲಿ ಕೈಬಿಟ್ಟಿತು. ಹಾಗಾಗಿ ಕಾಯ್ದೆಯ ಮೂಲಪಾಠವನ್ನೇ ಓದಿ ವಾದಿಸುವ ಅಭ್ಯಾಸ ಈಗ ಹಿಂದೆಂದಿಗಿಂತ ಹೆಚ್ಚು ಬೇಕು.

ಕವರ್‌ಲೆಟರ್:
ಮೇಲಿನವರು ಓದಿನ ಬಗ್ಗೆ ಸರಿಯಾಗಿ ಹೇಳಿದ್ದಾರೆ. ನಾನು ಫೈಲ್ ಕಟ್ಟುವುದರ ಬಗ್ಗೆ ಹೇಳುತ್ತೇನೆ.

ಫಾರ್ಮ್ ತುಂಬುವುದು ಕೊನೆಯ ಕೆಲಸ. ಮೊದಲು ಕಾಲಾನುಕ್ರಮದ ಹಾಳೆ ಮಾಡಿ: ಪ್ರತಿ ಪ್ರವೇಶ, ಪ್ರತಿ ಐ-94 (ಪ್ರವೇಶದ ದಾಖಲೆ), ಪ್ರತಿ ಅನುಮೋದನೆ, ಪ್ರತಿ ಉದ್ಯೋಗ, ಪ್ರತಿ ವಿಳಾಸ ದಿನಾಂಕ ಸಮೇತ. ಹಳೆಯ ಅರ್ಜಿಗಳ ಪ್ರತಿ ಕಕ್ಷಿದಾರರ ಬಳಿ ಇಲ್ಲದಿದ್ದರೆ ಎಫ್‌ಒಐಎ (ಮಾಹಿತಿ ಹಕ್ಕಿನ ಅರ್ಜಿ) ಹಾಕಿ ಎ-ಫೈಲ್ (ಆ ವ್ಯಕ್ತಿಯ ಬಗ್ಗೆ ಸರ್ಕಾರದ ಬಳಿ ಇರುವ ಇಮಿಗ್ರೇಶನ್ ಕಡತ) ತರಿಸಿ. ಹತ್ತು ವರ್ಷದ ಹಿಂದೆ ವೀಸಾ ಅರ್ಜಿಯಲ್ಲಿ "ಅವಿವಾಹಿತ" ಎಂದು ಬರೆದವರು ಈಗ ಅದಕ್ಕಿಂತ ಹಳೆಯ ಮದುವೆ ಪ್ರಮಾಣಪತ್ರ ತಂದರೆ, ಅಧಿಕಾರಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಅದು ಸಂದರ್ಶನದ ದಿನ ಗೊತ್ತಾಗುವ ವಿಷಯ ಆಗಬಾರದು.

ನಾಗರಿಕರ ಗಂಡ ಅಥವಾ ಹೆಂಡತಿಯ ಪ್ರಕರಣದಲ್ಲಿ ಒಂದೇ ಕಟ್ಟಿನಲ್ಲಿ ಹೋಗುವುದು: ಜಿ-28 (ವಕೀಲರ ಹಾಜರಾತಿ), ಐ-130 (ಸಂಬಂಧದ ಅರ್ಜಿ), ಐ-130ಎ (ಸಂಗಾತಿಯ ವಿವರ), ಐ-485 (ಗ್ರೀನ್ ಕಾರ್ಡ್ ಅರ್ಜಿ), ಐ-864 (ಪ್ರಾಯೋಜಕರ ಆರ್ಥಿಕ ಹೊಣೆಯ ಪತ್ರ), ಐ-693 ವೈದ್ಯಕೀಯ ವರದಿ, ಬೇಕಿದ್ದರೆ ಐ-765 (ಕೆಲಸದ ಪರವಾನಗಿ) ಮತ್ತು ಐ-131 (ಪ್ರಯಾಣದ ಪರವಾನಗಿ). ಐ-864ರಲ್ಲಿ ಆದಾಯ ಫೆಡರಲ್ ಬಡತನ ಮಾರ್ಗಸೂಚಿಯ 125% ಮುಟ್ಟಬೇಕು. ಮನೆಯ ಜನಸಂಖ್ಯೆ ಎಣಿಸುವಾಗ ಹಿಂದೆ ಯಾರಿಗಾದರೂ ಐ-864 ಕೊಟ್ಟು ಆ ಹೊಣೆ ಇನ್ನೂ ಮುಗಿದಿಲ್ಲದಿದ್ದರೆ ಅವರನ್ನೂ ಸೇರಿಸಬೇಕು, ಇದು ಸದಾ ಬಿಟ್ಟುಹೋಗುತ್ತದೆ. ಇಂಗ್ಲಿಷ್ ಅಲ್ಲದ ಪ್ರತಿ ದಾಖಲೆಗೂ ಪೂರ್ಣ ಅನುವಾದ, ಜೊತೆಗೆ ಅನುವಾದ ಪೂರ್ಣ ಮತ್ತು ನಿಖರ, ತಾನು ಆ ಭಾಷೆಯಿಂದ ಅನುವಾದಿಸಲು ಸಮರ್ಥ ಎಂಬ ಅನುವಾದಕರ ದೃಢೀಕರಣ. ಸಾರಾಂಶ ನಡೆಯುವುದಿಲ್ಲ. ಜನನ ಪ್ರಮಾಣಪತ್ರದ ಹಿಂಬದಿಯ ಮುದ್ರೆಯನ್ನೂ ಅನುವಾದಿಸಿ.

ಕಟ್ಟು ವಾಪಸ್ ಬರುವುದಕ್ಕೆ ಕಾರಣಗಳು ಬಹುಪಾಲು ಸಣ್ಣವು: ಸಹಿ ಇಲ್ಲ, ಸಹಿಯ ಜಾಗದಲ್ಲಿ ಹೆಸರು ಟೈಪ್ ಮಾಡಿದ್ದಾರೆ, ಶುಲ್ಕ ತಪ್ಪು, ಫಾರ್ಮ್ ಆವೃತ್ತಿ ಹಳೆಯದು, ತಪ್ಪು ವಿಳಾಸಕ್ಕೆ ಹೋಗಿದೆ. ಪರಿಣಾಮ ಮಾತ್ರ ದೊಡ್ಡದು. ತಿರಸ್ಕೃತವಾದ ಅರ್ಜಿಗೆ ಸಲ್ಲಿಕೆ ದಿನಾಂಕವೇ ಸಿಗುವುದಿಲ್ಲ. ಅಷ್ಟರಲ್ಲಿ ಐ-94 ಮುಗಿದರೆ ಅಥವಾ ವೀಸಾ ಬುಲೆಟಿನ್ ಹಿಂದಕ್ಕೆ ಸರಿದರೆ ಬಾಗಿಲು ಮುಚ್ಚಿತು. ಆದ್ದರಿಂದ ಕೊರಿಯರ್‌ಗೆ ಕೊಡುವ ದಿನ ಬೆಳಿಗ್ಗೆ ಆವೃತ್ತಿ, ಶುಲ್ಕ, ವಿಳಾಸ ಮೂರನ್ನೂ ಯುಎಸ್‌ಸಿಐಎಸ್ ತಾಣದಲ್ಲಿ ಮತ್ತೆ ನೋಡಿ. ಹಿಂದಿನ ವಾರ ನೋಡಿದ್ದು ಲೆಕ್ಕಕ್ಕಿಲ್ಲ.

ಆರ್‌ಎಫ್‌ಇ (ಇನ್ನಷ್ಟು ಸಾಕ್ಷ್ಯ ಕೇಳುವ ನೋಟಿಸ್) ಬಂದರೆ ಉತ್ತರಿಸಲು ಗರಿಷ್ಠ 84 ದಿನ, ವಿಸ್ತರಣೆ ಇಲ್ಲ. ನೋಟಿಸ್‌ನಲ್ಲಿ ಬರೆದ ದಿನಾಂಕವೇ ಅಂತಿಮ. ಉತ್ತರ ಒಂದೇ ಸಲ ಹೋಗಬೇಕು: ಅರ್ಧ ಈಗ ಕಳಿಸಿ ಉಳಿದದ್ದು ಆಮೇಲೆ ಎಂದರೆ, ಇದ್ದಷ್ಟರ ಮೇಲೆ ತೀರ್ಮಾನ ಮಾಡಿ ಎಂದು ಕೇಳಿದಂತೆಯೇ. ಅವರು ಕೇಳಿದ ಕ್ರಮದಲ್ಲೇ ಉತ್ತರಿಸಿ, ಒಂದೊಂದು ಅಂಶಕ್ಕೂ ಯಾವ ದಾಖಲೆ ಯಾವ ಪುಟದಲ್ಲಿದೆ ಎಂದು ಬರೆಯಿರಿ. ಸಾಕ್ಷ್ಯದ ಮಾನದಂಡ ಸಾಮಾನ್ಯವಾಗಿ "ಇರುವ ಸಾಧ್ಯತೆಯೇ ಹೆಚ್ಚು" ಎಂಬಷ್ಟೇ. ಎಎಒದ (ಯುಎಸ್‌ಸಿಐಎಸ್‌ನ ಆಂತರಿಕ ಮೇಲ್ಮನವಿ ಕಚೇರಿಯ) 2010ರ ಚವಾಥೆ ತೀರ್ಪು ಇದನ್ನು ವಿವರಿಸುತ್ತದೆ. ಅಧಿಕಾರಿ ಅದಕ್ಕಿಂತ ಹೆಚ್ಚು ಕೇಳಿದಂತೆ ಕಂಡರೆ ಅದನ್ನು ಉಲ್ಲೇಖಿಸಿ.

ಹೊಸವಕೀಲ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಒಂದು ಗೊಂದಲ: ವೀಸಾ ಮುಗಿಯುವುದು, ಸ್ಟೇಟಸ್ ಮುಗಿಯುವುದು, ಅನ್‌ಲಾಫುಲ್ ಪ್ರೆಸೆನ್ಸ್ (ಕಾನೂನುಬಾಹಿರವಾಗಿ ಉಳಿದ ದಿನಗಳ ಎಣಿಕೆ) ಶುರುವಾಗುವುದು ಇವೆಲ್ಲ ಒಂದೇ ದಿನವೇ?

ಸೆಕ್ಷನ್‌212:
ಅಲ್ಲ. ಪಾಸ್‌ಪೋರ್ಟ್‌ನಲ್ಲಿರುವ ವೀಸಾ ಗಡಿಯವರೆಗೆ ಬಂದು ಪ್ರವೇಶ ಕೇಳಲು ಮಾತ್ರ. ಒಳಗೆ ಎಷ್ಟು ದಿನ ಇರಬಹುದು ಎನ್ನುವುದು ಐ-94. ಪಾಸ್‌ಪೋರ್ಟ್ ಬೇಗ ಮುಗಿಯುವುದಿದ್ದರೆ ಐ-94ನ್ನೂ ಅಲ್ಲಿಗೇ ಕತ್ತರಿಸುವುದುಂಟು, ಎಚ್-1ಬಿ ಅನುಮೋದನೆ ಮೂರು ವರ್ಷಕ್ಕೆ ಇದ್ದರೂ. ಪ್ರತಿ ಪ್ರಯಾಣದ ಬಳಿಕ ಸಿಬಿಪಿ (ಗಡಿ ಮತ್ತು ಕಸ್ಟಮ್ಸ್ ಸಂಸ್ಥೆ) ತಾಣದಿಂದ ಹೊಸ ಐ-94 ತೆಗೆದು ನೋಡಲು ಕಕ್ಷಿದಾರರಿಗೆ ಹೇಳಿ.

ಅನ್‌ಲಾಫುಲ್ ಪ್ರೆಸೆನ್ಸ್ ಬೇರೆಯೇ ಲೆಕ್ಕ, 1996ರ ತಿದ್ದುಪಡಿಯಿಂದ ಬಂದದ್ದು, 212(ಎ)(9)(ಬಿ). ಒಂದೇ ವಾಸದಲ್ಲಿ 180 ದಿನ ಮೀರಿ, ಒಂದು ವರ್ಷ ತುಂಬುವ ಮೊದಲು ಹೊರಟರೆ 3 ವರ್ಷದ ತಡೆ. ಒಂದು ವರ್ಷ ಅಥವಾ ಹೆಚ್ಚಾದರೆ 10 ವರ್ಷ. ಐ-94 ಮಾರ್ಚ್ 31ಕ್ಕೆ ಮುಗಿದರೆ ಎಣಿಕೆ ಏಪ್ರಿಲ್ 1ರಿಂದ, 180ನೇ ದಿನ ಸೆಪ್ಟೆಂಬರ್ 27. 18 ವರ್ಷ ತುಂಬುವವರೆಗೆ ಎಣಿಕೆಯಿಲ್ಲ. ಐ-94ರಲ್ಲಿ ದಿನಾಂಕದ ಬದಲು "ಡಿ/ಎಸ್" (ಸ್ಟೇಟಸ್ ಇರುವವರೆಗೆ) ಎಂದು ಪ್ರವೇಶ ಪಡೆದ ವಿದ್ಯಾರ್ಥಿ ತರಗತಿ ಬಿಟ್ಟರೆ ಸ್ಟೇಟಸ್ ಹೋಗುತ್ತದೆ, ಆದರೆ ಯುಎಸ್‌ಸಿಐಎಸ್ ಅಥವಾ ಇಮಿಗ್ರೇಶನ್ ನ್ಯಾಯಾಧೀಶರು ಹಾಗೆಂದು ತೀರ್ಮಾನಿಸುವವರೆಗೆ ಈ ಎಣಿಕೆ ಶುರುವಾಗುವುದಿಲ್ಲ.

ಗಮನಿಸಿ, ತಡೆ ಬೀಳುವುದು ದೇಶ ಬಿಟ್ಟಾಗ. "ಊರಿಗೆ ಹೋಗಿ ಕಾನ್ಸುಲೇಟ್‌ನಲ್ಲಿ ಸ್ಟಾಂಪಿಂಗ್ ಮಾಡಿಸಿಕೊಂಡು ಬರುತ್ತೇನೆ" ಎನ್ನುವ ಪ್ರತಿಯೊಬ್ಬರಿಗೂ ಟಿಕೆಟ್ ತೆಗೆಯುವ ಮೊದಲು ಈ ಲೆಕ್ಕ ಮಾಡಿಕೊಡಬೇಕು. ಒಟ್ಟು ಒಂದು ವರ್ಷಕ್ಕಿಂತ ಹೆಚ್ಚು ಹಾಗೆ ಇದ್ದು, ಹೊರಹೋಗಿ, ತಪಾಸಣೆಯಿಲ್ಲದೆ ಮತ್ತೆ ನುಸುಳಿದವರದ್ದು ಇನ್ನೂ ಕಠಿಣ, (9)(ಸಿ). ಅದಕ್ಕೆ ಐ-601ಎ ವೇವರ್ (ದೇಶ ಬಿಡುವ ಮೊದಲೇ ಕೇಳುವ ತಡೆ ವಿನಾಯಿತಿ) ಕೆಲಸಕ್ಕೆ ಬಾರದು.

ಎರಡನೇಮಹಡಿಕೋರ್ಟ್:
ಕೋರ್ಟ್ ಭಾಗ ಯಾರೂ ಮುಟ್ಟಿಲ್ಲ. ಇಮಿಗ್ರೇಶನ್ ಕೋರ್ಟ್ ನ್ಯಾಯಾಂಗ ಇಲಾಖೆಯ ಇಒಐಆರ್ (ಇಮಿಗ್ರೇಶನ್ ಕೋರ್ಟ್‌ಗಳನ್ನು ನಡೆಸುವ ಕಚೇರಿ) ಕೈಕೆಳಗಿದೆ, ಯುಎಸ್‌ಸಿಐಎಸ್ ಇರುವುದು ಹೋಮ್‌ಲ್ಯಾಂಡ್ ಸೆಕ್ಯುರಿಟಿಯಲ್ಲಿ. ಎರಡಕ್ಕೂ ಪ್ರತ್ಯೇಕ ಕಾಗದ: ವಕೀಲರ ಹಾಜರಾತಿಗೆ ಅಲ್ಲಿ (ಯುಎಸ್‌ಸಿಐಎಸ್‌ನಲ್ಲಿ) ಜಿ-28, ಇಲ್ಲಿ (ಕೋರ್ಟ್‌ನಲ್ಲಿ) ಇಒಐಆರ್-28. ವಿಳಾಸ ಬದಲಾದರೆ ಅಲ್ಲಿ ಎಆರ್-11, 10 ದಿನದೊಳಗೆ. ಇಲ್ಲಿ ಇಒಐಆರ್-33, 5 ದಿನದೊಳಗೆ. ಒಂದಕ್ಕೆ ಕೊಟ್ಟರೆ ಇನ್ನೊಂದಕ್ಕೆ ತಲುಪುವುದಿಲ್ಲ. ಹಿಯರಿಂಗ್ ನೋಟಿಸ್ ಹಳೆಯ ವಿಳಾಸಕ್ಕೆ ಹೋಗಿ, ಕಕ್ಷಿದಾರರು ಬಾರದೆ, ಗೈರುಹಾಜರಿಯಲ್ಲೇ ಗಡೀಪಾರು ಆದೇಶವಾಗುವುದು ಹೀಗೇ.

ನೋಟಿಸ್ ಟು ಅಪಿಯರ್ (ಗಡೀಪಾರು ಪ್ರಕರಣದ ಆರೋಪಪತ್ರ) ಕೈಗೆ ಬಂದ ಕೂಡಲೇ ಮೊದಲು ನೋಡಬೇಕಾದ್ದು ಮೇಲಿನ ಮೂರು ಚೌಕಗಳಲ್ಲಿ ಯಾವುದಕ್ಕೆ ಗುರುತು ಹಾಕಿದ್ದಾರೆ ಎಂಬುದು. ಆರೋಪ 212ರ ಕೆಳಗೋ 237ರ ಕೆಳಗೋ, ಏನನ್ನು ಯಾರು ರುಜುವಾತು ಮಾಡಬೇಕು ಎಂಬುದೆಲ್ಲ ಅದಕ್ಕೆ ಹೊಂದಿಕೊಂಡಿದೆ. ಕಕ್ಷಿದಾರರ ಜೊತೆ ಕೂತು ಒಂದೊಂದು ಆರೋಪವನ್ನೂ ಪರಿಶೀಲಿಸುವ ಮೊದಲು "ಒಪ್ಪಿದ್ದೇವೆ" ಎನ್ನಬೇಡಿ.

ಆಶ್ರಯದ ಐ-589ಕ್ಕೆ ಕೊನೆಯ ಆಗಮನದಿಂದ ಒಂದು ವರ್ಷದ ಗಡುವು, ವಿನಾಯಿತಿಗಳು ಕಡಿಮೆ. ಕೆಲಸದ ಪರವಾನಗಿ ಸಿಗಲಿ ಎಂದು ಕಟ್ಟುಕತೆ ಬರೆದು ಹಾಕಿಸುವ ಏಜೆಂಟರಿದ್ದಾರೆ. ಅದು ಸುಳ್ಳು ಅರ್ಜಿ ಎಂದು ತೀರ್ಮಾನವಾದರೆ 208(ಡಿ)(6) ಪ್ರಕಾರ ಆ ವ್ಯಕ್ತಿಗೆ ಇಮಿಗ್ರೇಶನ್ ಕಾಯ್ದೆಯ ಸೌಲಭ್ಯಗಳಿಗೆ ಶಾಶ್ವತ ತಡೆ. ಇಂಥ ಹಳೆಯ ಅರ್ಜಿ ಇದೆಯೇ ಎಂದು ಎ-ಫೈಲ್‌ನಲ್ಲಿ ನೋಡಲೇಬೇಕು.

ಕ್ರಿಮಿನಲ್ ದಾಖಲೆ ಇದ್ದರೆ ಕಕ್ಷಿದಾರರ "ಕೇಸ್ ಮುಗಿದಿದೆ" ಎಂಬ ಮಾತು ಸಾಲದು. 101(ಎ)(48) ಪ್ರಕಾರ ತಪ್ಪೊಪ್ಪಿಗೆ ಮತ್ತು ಏನಾದರೂ ಒಂದು ಶಿಕ್ಷೆ ಅಥವಾ ನಿರ್ಬಂಧ ಇದ್ದರೆ, ರಾಜ್ಯದ ಕೋರ್ಟ್ ತೀರ್ಪನ್ನು ತಡೆಹಿಡಿದಿದ್ದರೂ ಅದು ಇಮಿಗ್ರೇಶನ್‌ಗೆ ಕನ್ವಿಕ್ಷನ್ನೇ. ದೃಢೀಕೃತ ಕೋರ್ಟ್ ದಾಖಲೆ ತರಿಸಿ, ಆ ರಾಜ್ಯದ ಕಾನೂನಿನ ಅಂಶಗಳನ್ನು ಫೆಡರಲ್ ವ್ಯಾಖ್ಯೆಯೊಂದಿಗೆ ಹೋಲಿಸಿ. ಕ್ರಿಮಿನಲ್ ವಕೀಲರು ತಪ್ಪೊಪ್ಪಿಗೆಗೆ ಮುಂಚೆ ಗಡೀಪಾರಿನ ಅಪಾಯ ತಿಳಿಸಲೇಬೇಕು ಎಂದು 2010ರ ಪಡಿಯಾ ವಿರುದ್ಧ ಕೆಂಟಕಿ ತೀರ್ಪು ಹೇಳಿದೆ, ಹಾಗಾಗಿ ಅವರು ನಿಮಗೆ ಫೋನ್ ಮಾಡುತ್ತಾರೆ. ಉತ್ತರ ಲಿಖಿತದಲ್ಲಿ ಕೊಡಿ.

ಕೆಲಸ ಶುರುವಾಗುವ ಮುಂಚೆ ಹತ್ತಿರದ ಇಮಿಗ್ರೇಶನ್ ಕೋರ್ಟ್‌ಗೆ ಹೋಗಿ ಮಾಸ್ಟರ್ ಕ್ಯಾಲೆಂಡರ್ ಹಿಯರಿಂಗ್‌ಗಳಲ್ಲಿ (ಹಲವು ಪ್ರಕರಣಗಳ ಚುಟುಕು ಪ್ರಾಥಮಿಕ ವಿಚಾರಣೆಗಳಲ್ಲಿ) ಕೂತು ನೋಡಿ. ಅವು ಸಾಮಾನ್ಯವಾಗಿ ಸಾರ್ವಜನಿಕರಿಗೆ ತೆರೆದಿರುತ್ತವೆ. ಆಶ್ರಯದ ಸಾಕ್ಷ್ಯ ನಡೆಯುವಾಗ ಹೊರಗೆ ಕಳಿಸಬಹುದು. ಈ ಕೋರ್ಟ್‌ಗಳ ಕಾರ್ಯವಿಧಾನದ ಕೈಪಿಡಿಯಾದ ಪ್ರ್ಯಾಕ್ಟೀಸ್ ಮ್ಯಾನ್ಯುಯಲ್ ಇಒಐಆರ್ ತಾಣದಲ್ಲಿ ಉಚಿತವಾಗಿದೆ, ಅದರ ಫೈಲಿಂಗ್ ಗಡುವುಗಳ ಅಧ್ಯಾಯವನ್ನು ಮೊದಲು ಓದಿಕೊಂಡು ಹೋಗಿ.