ನ್ಯೂಜೆರ್ಸಿಯಲ್ಲಿ ಐಆರ್‌ಎ ಹಣ ತೆಗೆದರೆ ರಾಜ್ಯಕ್ಕೂ ಪೂರ್ತಿ ತೆರಿಗೆಯೇ?

ಪ್ರಶ್ನೆ
ವಯಸ್ಸು 60, ವಾಸ ನ್ಯೂಜೆರ್ಸಿ. ಟ್ರೆಡಿಷನಲ್ ಐಆರ್‌ಎಯಿಂದ (ಅಮೆರಿಕದ ವೈಯಕ್ತಿಕ ನಿವೃತ್ತಿ ಖಾತೆ) 30,000 ಡಾಲರ್ ತೆಗೆದಿದ್ದೇನೆ. ತೆಗೆದ ಹಣದ ಲೆಕ್ಕ ತೋರಿಸುವ ಫಾರ್ಮ್ 1099-ಆರ್‌ನ 2ಎ ಬಾಕ್ಸ್‌ನಲ್ಲಿ, ಅಂದರೆ ಫೆಡರಲ್ (ಕೇಂದ್ರ) ತೆರಿಗೆಗೆ ಒಳಪಡುವ ಮೊತ್ತವಾಗಿ, ಪೂರ್ತಿ 30,000 ಇದೆ. ಸಾಫ್ಟ್‌ವೇರ್ ಅದನ್ನೇ ರಾಜ್ಯದ ರಿಟರ್ನ್‌ಗೂ ಎಳೆದುಕೊಂಡಿದೆ. ಇದು ಸರಿಯೇ? ಮುಂದಿನ ವರ್ಷ ಪೆನ್ಸಿಲ್ವೇನಿಯಾಕ್ಕೆ ಹೋಗುವ ಯೋಚನೆಯಿದೆ. ಉಳಿದದ್ದನ್ನು ಅಲ್ಲಿಗೆ ಹೋದ ಮೇಲೆ ತೆಗೆಯಲೇ?

ಉತ್ತರ 1
ಸರಿಯಲ್ಲ, ಹಾಗೇ ಫೈಲ್ ಮಾಡಬೇಡಿ. ಐಆರ್‌ಎಗೆ ಕಟ್ಟುವ ಹಣಕ್ಕೆ ಫೆಡರಲ್‌ನಲ್ಲಿ ಡಿಡಕ್ಷನ್ (ತೆರಿಗೆಯ ಆದಾಯದಿಂದ ಕಳೆಯುವ ಅವಕಾಶ) ಉಂಟು, ನ್ಯೂಜೆರ್ಸಿಯಲ್ಲಿ ಇಲ್ಲ. ಅಂದರೆ ನೀವು ಕಟ್ಟಿದ ಅಸಲಿನ ಮೇಲೆ ರಾಜ್ಯದ ತೆರಿಗೆಯನ್ನು ಆಗಲೇ ಕಟ್ಟಿದ್ದೀರಿ. ರಾಜ್ಯದ ರಿಟರ್ನ್ ಫಾರ್ಮ್ ಎನ್‌ಜೆ-1040ರ ಸೂಚನೆಗಳಲ್ಲಿರುವ ವರ್ಕ್‌ಶೀಟ್ ಸಿ ತುಂಬಿ. ಡಿಸೆಂಬರ್ 31ಕ್ಕೆ ಖಾತೆಯಲ್ಲಿ 1,70,000 ಉಳಿದಿದೆ ಎನ್ನೋಣ. ತೆಗೆದ 30,000 ಕೂಡಿಸಿದರೆ 2,00,000. ಇಷ್ಟು ವರ್ಷ ನೀವು ಐಆರ್‌ಎಗೆ ಕಟ್ಟಿದ ಅಸಲು 50,000 ಆದರೆ ಅದು ಕಾಲುಭಾಗ. ಹಾಗಾಗಿ 7,500ಕ್ಕೆ ತೆರಿಗೆಯಿಲ್ಲ, 22,500ಕ್ಕೆ ಮಾತ್ರ. ಮುಂದಿನ ಸಲ ತೆಗೆಯುವಾಗ ಅಸಲು 42,500 ಎಂದು ಹಿಡಿಯಬೇಕು. ಈ ಹಾಳೆಯನ್ನು ಜೋಪಾನವಾಗಿಡಿ.

ಎಡವುವುದು ರೋಲ್‌ಓವರ್‌ನಲ್ಲಿ, ಅಂದರೆ ಬೇರೆ ನಿವೃತ್ತಿ ಖಾತೆಯಿಂದ ಐಆರ್‌ಎಗೆ ವರ್ಗಾಯಿಸಿದ ಹಣದಲ್ಲಿ. 1984ರಿಂದೀಚೆಗೆ 401ಕೆಗೆ (ಕೆಲಸದ ಕಂಪನಿಯ ಮೂಲಕದ ನಿವೃತ್ತಿ ಖಾತೆ) ಸಂಬಳದಿಂದ ಮುರಿಯುವ ಹಣಕ್ಕೆ ನ್ಯೂಜೆರ್ಸಿಯೂ ತೆರಿಗೆ ಹಾಕಿಲ್ಲ. ಆದ್ದರಿಂದ ಅಲ್ಲಿಂದ ಬಂದ ಹಣ ಖಾತೆಯ ಒಟ್ಟು ಮೊತ್ತದಲ್ಲಿರಲಿ, ಅಸಲಿಗೆ ಸೇರಿಸಬೇಡಿ.

ಪ್ರಶ್ನೆ ಕೇಳಿದವರು
ಧನ್ಯವಾದ. ಅಸಲಿನ ಲೆಕ್ಕಕ್ಕೆ ಫಾರ್ಮ್ 8606 ಸಾಕೇ?

ಉತ್ತರ 1
ಸಾಲದು. ಅದರಲ್ಲಿರುವುದು ಫೆಡರಲ್‌ನಲ್ಲಿ ಡಿಡಕ್ಷನ್ ಪಡೆಯದ ಮೊತ್ತ ಮಾತ್ರ. ಖಾತೆ ಇರುವ ಕಂಪನಿ ಕಳಿಸಿದ ಪ್ರತಿ ವರ್ಷದ ಫಾರ್ಮ್ 5498 ಹುಡುಕಿ: ಬಾಕ್ಸ್ 1ರಲ್ಲಿ ನೀವು ಕಟ್ಟಿದ್ದು, ಬಾಕ್ಸ್ 2ರಲ್ಲಿ ರೋಲ್‌ಓವರ್.

ಉತ್ತರ 2
ಪೆನ್ಸಿಲ್ವೇನಿಯಾದ ವಿಷಯ: 59½ ದಾಟಿದವರ ಐಆರ್‌ಎ ಹಣಕ್ಕೆ ಅಲ್ಲಿ ರಾಜ್ಯದ ತೆರಿಗೆಯೇ ಇಲ್ಲ. 1099-ಆರ್‌ನ ಬಾಕ್ಸ್ 7ರಲ್ಲಿ ಕೋಡ್ 7 (ಸಾಮಾನ್ಯವಾಗಿ ತೆಗೆದ ಹಣ ಎಂಬ ಗುರುತು) ಇದೆಯೇ ನೋಡಿಕೊಳ್ಳಿ. ಫೆಡರಲ್ ತೆರಿಗೆ ಮಾತ್ರ ಎಲ್ಲಿದ್ದರೂ ತಪ್ಪದು.

ಹಣ ತೆಗೆಯುವ ದಿನ ನೀವು ಯಾವ ರಾಜ್ಯದ ನಿವಾಸಿ ಎಂಬುದೇ ಮುಖ್ಯ. ಬಿಟ್ಟು ಬಂದ ರಾಜ್ಯ ನಿವೃತ್ತಿ ಖಾತೆಯ ಹಣಕ್ಕೆ ತೆರಿಗೆ ಹಾಕದಂತೆ 1996ರ ಫೆಡರಲ್ ಕಾನೂನು ತಡೆಯುತ್ತದೆ. ತುರ್ತಿಲ್ಲದಿದ್ದರೆ ಮನೆ ಬದಲಿಸಿದ ಮೇಲೇ ತೆಗೆಯಿರಿ. ಅದಕ್ಕೂ ಮುಂಚೆ ಖಾತೆ ಇರುವ ಕಂಪನಿಯಲ್ಲಿ ವಿಳಾಸ ತಿದ್ದಿಸಿ. ಹಳೇ ವಿಳಾಸವೇ ಉಳಿದು ನ್ಯೂಜೆರ್ಸಿಗೆ ಹಣ ಮುರಿದುಕೊಂಡರೆ ಅದು ಬಾಕ್ಸ್ 14ರಲ್ಲಿ ಕಾಣುತ್ತದೆ. ವಾಪಸ್ ಪಡೆಯಲು ಅಲ್ಲಿ ಮತ್ತೊಂದು ರಿಟರ್ನ್ ಹಾಕಬೇಕಾಗುತ್ತದೆ.