ಪದಚರ್ಚೆ: ಹಡಗಿನ ‘ನಿಲುಗಡೆ’, ‘ಟೆಂಡರ್’ ದೋಣಿ ಮತ್ತು ಅಡವಿ

ಬಳಗದವರಿಗೆ ಬಳ್ಳಾರಿಯಿಂದ ನಮಸ್ಕಾರ.

ನಮ್ಮೂರಿನ ನಿವೃತ್ತ ಶಿಕ್ಷಕರ ಗುಂಪೊಂದು ಬರುವ ಬೇಸಿಗೆಯಲ್ಲಿ ಅಲಾಸ್ಕಾದ ಆಗ್ನೇಯ ಕರಾವಳಿಗೆ ಹಡಗುಯಾನ ಹೊರಟಿದೆ. ಅವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಅನೇಕರಿಗೆ ಮಂಡಿನೋವು, ಸಮುದ್ರ ಎಲ್ಲರಿಗೂ ಹೊಸದು. ಪ್ರಯಾಣದ ಪಟ್ಟಿಯಲ್ಲಿ ಬರುವ ಪ್ರತಿ ಊರಿನ ಮುಂದೆ ‘ನಿಲುಗಡೆ’ ಎಂದು ಬರೆದರೆ ನಮ್ಮವರಿಗೆ ಬಸ್ಸಿನ ನಿಲುಗಡೆ ನೆನಪಾಗುತ್ತದೆ: ಬಸ್ಸು ನಿಂತಿತು, ಇಳಿದೆವು. ಆದರೆ ಅಲ್ಲಿ ಹಡಗು ನಿಲ್ಲುವ ಬಗೆ ಮೂರು. ಮೂರಕ್ಕೂ ಬೇರೆ ಬೇರೆ ಮಾತು ಬೇಕು.

ಮೊದಲನೆಯದು ಸುಲಭ. ಸ್ಕಾಗ್ವೇ ಊರಿನಲ್ಲಿ ಹಡಗು ಕಟ್ಟೆಗೆ ತಾಗಿ ನಿಲ್ಲುತ್ತದೆ; ನಡೆದೇ ಇಳಿದು, 1900ರಲ್ಲಿ ಪೂರ್ಣಗೊಂಡ ಬೆಟ್ಟದ ರೈಲನ್ನು ಹತ್ತಬಹುದು. ಕರಾವಳಿಯವರು ಇದನ್ನು ‘ಧಕ್ಕೆ’ ಎನ್ನುತ್ತಾರೆ. ನಮ್ಮ ಕಡೆ ಧಕ್ಕೆ ಎಂದರೆ ಹಾನಿ ಎಂದೇ ಓದಿಕೊಳ್ಳುತ್ತಾರೆ. ಆದ್ದರಿಂದ ‘ಹಡಗುಕಟ್ಟೆ’ ಎಂದು ಬರೆದಿದ್ದೇನೆ.

ನನ್ನ ಮುಖ್ಯ ಪ್ರಶ್ನೆ ಇರುವುದು ಎರಡನೆಯದರಲ್ಲಿ. ಸಿಟ್ಕಾ ಊರು ಬರಾನಾಫ್ ದ್ವೀಪದಲ್ಲಿದೆ. ಅಲ್ಲಿಗೆ ಬರುವ ಹಡಗುಗಳಲ್ಲಿ ಕೆಲವು ಊರಿನಿಂದ ದೂರದ ಕಟ್ಟೆಗೆ ಹೋಗುತ್ತವೆ, ಉಳಿದವು ನೀರಿನಲ್ಲೇ ಲಂಗರು ಹಾಕುತ್ತವೆ. ಲಂಗರು ಹಾಕಿದಾಗ ಪ್ರಯಾಣಿಕರು ಚಿಕ್ಕ ಯಂತ್ರದೋಣಿಗೆ ಇಳಿದು ದಡ ಸೇರಬೇಕು. ಅನೇಕ ಹಡಗುಗಳಲ್ಲಿ ಜೀವರಕ್ಷಕ ದೋಣಿಗಳನ್ನೇ ಇದಕ್ಕೂ ಬಳಸುತ್ತಾರೆ. ಅಲೆಗೆ ತೊನೆಯುವ ದೋಣಿಗೂ ಹಡಗಿನ ಮೆಟ್ಟಿಲಿಗೂ ನಡುವೆ ಒಂದು ಹೆಜ್ಜೆ ಎತ್ತಿಡಬೇಕಾಗುತ್ತದೆ. ಗಾಲಿಕುರ್ಚಿಯವರಿಗೆ ಅಪ್ಪಣೆ ಸಿಗದೆಯೂ ಹೋಗಬಹುದು. ಗಾಳಿ ಜೋರಾದರೆ ಆ ದಿನದ ಇಳಿಯುವಿಕೆಯೇ ರದ್ದು. ಮರಳುವ ಕೊನೆಯ ದೋಣಿ ಹಡಗು ಹೊರಡುವುದಕ್ಕಿಂತ ಸಾಕಷ್ಟು ಮೊದಲೇ ಬಿಡುತ್ತದೆ. ಅದು ತಪ್ಪಿದರೆ ಮುಂದಿನ ಬಂದರಿಗೆ ರಸ್ತೆಯಿಲ್ಲ, ವಿಮಾನವನ್ನೇ ಹುಡುಕಬೇಕು. ಇಷ್ಟೆಲ್ಲ ಎಚ್ಚರಿಕೆಯನ್ನು ಹೊರುವ ಮಾತು ಇದು.

ಇಂಗ್ಲಿಷಿನವರು ಈ ದೋಣಿಯನ್ನು ‘ಟೆಂಡರ್’ ಎನ್ನುತ್ತಾರೆ. ಆ ಹೆಸರನ್ನೇ ಉಳಿಸಿಕೊಂಡರೆ ಬಳ್ಳಾರಿಯ ಓದುಗರ ಮನಸ್ಸಿಗೆ ಬರುವುದು ರಸ್ತೆ ಕಾಮಗಾರಿಯ ಗುತ್ತಿಗೆ. ‘ಹರಿಗೋಲು’ ನಮಗೆ ಹತ್ತಿರದ ಪದ, ಆದರೆ ಅದು ದೋಣಿಯ ಕೆಲಸವನ್ನಲ್ಲ, ಆಕಾರವನ್ನು ಹೇಳುತ್ತದೆ. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೂಡ ಆನೆಗೊಂದಿಯ ಹೊಳೆ ದಾಟಿಸುವ ದೋಣಿಗಳನ್ನು ಬುಟ್ಟಿಯಂತೆ ದುಂಡಗಿನವು, ಒಳಗೆ ಬೆತ್ತ, ಹೊರಗೆ ಚರ್ಮ ಎಂದೇ ಬಣ್ಣಿಸಿದ್ದಾನೆ. ರಾಯಚೂರು ತಾಲ್ಲೂಕಿನ ಕೃಷ್ಣಾ ನಡುಗಡ್ಡೆಗಳ ಜನರಿಗೂ ಹರಿಗೋಲು ಎಂದರೆ ಅದೇ ದುಂಡಗಿನದು. ಆ ಪದವನ್ನು ಮುಚ್ಚಿದ ಮಾಡಿನ ಯಂತ್ರದೋಣಿಗೆ ಹೊದಿಸಲು ನನಗೆ ಮನಸ್ಸಿಲ್ಲ.

ನನ್ನ ಒಲವು ‘ಕಡವುದೋಣಿ’ಯ ಕಡೆಗೆ. ದಕ್ಷಿಣ ಕನ್ನಡ, ಉಡುಪಿ ಕಡೆ ‘ಕಡವು’ ದೋಣಿಯಲ್ಲಿ ಹೊಳೆ ದಾಟುವ ಜಾಗಕ್ಕೆ ಇಂದಿಗೂ ಇರುವ ಮಾತು. ಆದರೆ ಕಡವು ದಡದಿಂದ ದಡಕ್ಕೆ. ಇಲ್ಲಿ ಒಂದು ತುದಿ ಹಡಗು. ಹಾಗಾದರೆ ‘ದಡದೋಣಿ’ ಎನ್ನೋಣವೇ? ಕರಾವಳಿಯ ಹಿರಿಯರನ್ನು ವಿಶೇಷವಾಗಿ ಕೇಳಿಕೊಳ್ಳುತ್ತೇನೆ: ಹಳೆಯ ಮಂಗಳೂರು ಬಂದರಿನ ಅಳಿವೆಯಲ್ಲಿ ಆಳ ಸಾಲದೆ ದೊಡ್ಡ ಹಡಗುಗಳು ಹೊರಗೆ ಕಡಲಿನಲ್ಲೇ ನಿಲ್ಲುತ್ತಿದ್ದವು, ಸರಕನ್ನು ಚಿಕ್ಕ ನಾವೆಗಳಲ್ಲಿ ಸಾಗಿಸುತ್ತಿದ್ದರು. ಆ ನಾವೆಗಳಿಗೂ ಆ ಕೆಲಸಕ್ಕೂ ಬಂದರಿನವರ ಬಾಯಲ್ಲಿ ಯಾವ ಹೆಸರಿತ್ತು? ಅದು ಜನರನ್ನು ಸಾಗಿಸುವುದಕ್ಕೂ ಒಗ್ಗುತ್ತಿತ್ತೇ? ಬಳಕೆಯಲ್ಲಿದ್ದ ಪದ ಸಿಕ್ಕರೆ ನನ್ನ ಎರಡೂ ಜೋಡುಪದಗಳನ್ನು ಸಂತೋಷದಿಂದ ಬಿಡುತ್ತೇನೆ.

ಮೂರನೆಯದು ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನ. ದೊಡ್ಡ ಹಡಗಿನವರು ಇಲ್ಲಿ ಇಳಿಯುವುದೇ ಇಲ್ಲ. ಉದ್ಯಾನದ ಸಿಬ್ಬಂದಿಯೇ ಹಡಗು ಹತ್ತಿ ಬಂದು ವಿವರಿಸುತ್ತಾರೆ. ಹಡಗು ಹಿಮನದಿಯ ಮುಂದೆ ನಿಧಾನವಾಗಿ ತಿರುಗಿ ಹೊರಡುತ್ತದೆ. ‘ನೋಟಯಾನ’ ಎಂದು ಬರೆದಿದ್ದೇನೆ, ಇಳಿಯುವಂತಿಲ್ಲ ಎಂಬುದನ್ನು ಪಕ್ಕದಲ್ಲೇ ದಪ್ಪ ಅಕ್ಷರದಲ್ಲಿ ಸೇರಿಸಿದ್ದೇನೆ.

ಇದೇ ಜಾಗ ಇನ್ನೊಂದು ಪ್ರಶ್ನೆ ತಂದಿದೆ. ಉದ್ಯಾನದ ಬಹುಭಾಗಕ್ಕೆ 1980ರಲ್ಲಿ ‘ವಿಲ್ಡರ್ನೆಸ್’ ಎಂಬ ಕಾನೂನಿನ ರಕ್ಷಣೆ ದೊರೆಯಿತು. ಅಮೆರಿಕದ 1964ರ ಕಾಯ್ದೆಯ ಪ್ರಕಾರ ಅಂಥ ನೆಲದಲ್ಲಿ ಮನುಷ್ಯ ಬಂದು ಹೋಗುವವನು, ನೆಲೆಸುವವನಲ್ಲ. ಇದನ್ನು ‘ನಿರ್ಜನ ಪ್ರದೇಶ’ ಎನ್ನುವುದಕ್ಕೆ ನನ್ನ ಬಲವಾದ ವಿರೋಧವಿದೆ. ಹೂನಾ ಟ್ಲಿಂಗಿಟ್ ಜನ ಅಲ್ಲೇ ಬಾಳಿದವರು. ಹದಿನೆಂಟನೆಯ ಶತಮಾನದಲ್ಲಿ ಮುನ್ನುಗ್ಗಿದ ಹಿಮನದಿ ಅವರನ್ನು ಹೊರದೂಡಿತು. 2016ರಲ್ಲಿ ಅದೇ ಕೊಲ್ಲಿಯ ದಡದಲ್ಲಿ ಅವರ ಕುಲಮನೆ ಮತ್ತೆ ಎದ್ದು ನಿಂತಿದೆ. ಆ ನೆಲವನ್ನು ಜನವಿಲ್ಲದ್ದು ಎಂದು ನಮ್ಮ ಭಾಷೆಯಲ್ಲಿ ಬರೆಯಬಾರದು. ‘ಅಭಯಾರಣ್ಯ’ವೂ ಸರಿಹೋಗದು, ಅದನ್ನು ಓದಿದೊಡನೆ ನಮ್ಮವರು ದರೋಜಿಯ ಕರಡಿಧಾಮವನ್ನು ನೆನೆಯುತ್ತಾರೆ. ಇಲ್ಲಿ ಕಾಪಾಡುತ್ತಿರುವುದು ಪ್ರಾಣಿಗಳನ್ನಷ್ಟೇ ಅಲ್ಲ, ಬಂಡೆ, ಹಿಮ, ನೀರು ಎಲ್ಲವನ್ನೂ.

ನಾನು ‘ಅಡವಿ’ ಎಂದು ಬರೆಯಬೇಕೆಂದಿದ್ದೇನೆ. ನಮ್ಮ ಭಾಗದಲ್ಲಿ ಅಡವಿ ಎನ್ನಲು ದಟ್ಟ ಮರಗಳೇ ಇರಬೇಕಿಲ್ಲ, ಊರಾಚೆಯ ಬಯಲೂ ಅಡವಿಯೇ. ಹಿಮ ಹಿಂದೆ ಸರಿದು ಉಳಿಸಿಹೋದ ಬೋಳು ಬಂಡೆಗಳಿಗೂ ಅದು ಸಲ್ಲುತ್ತದೆ. ಹಳೆಯ ಮೈಸೂರಿನವರಿಗೆ ಈ ಅರ್ಥ ತಟ್ಟುತ್ತದೆಯೇ, ಇಲ್ಲವೇ ಅವರಿಗೆ ಅಡವಿ ಎಂದರೆ ಬರೀ ಕಾಡೇ? ದಯವಿಟ್ಟು ನಿಮ್ಮ ಊರಿನ ಬಳಕೆಯನ್ನು ಒಂದೆರಡು ವಾಕ್ಯಗಳ ಸಮೇತ ಬರೆಯಿರಿ. ನಿಘಂಟಿನ ಅರ್ಥ ನನ್ನ ಬಳಿ ಇದೆ; ಬೇಕಿರುವುದು ಜನರ ಮಾತು.