ಸಹಾಯ ಬೇಕು: ಹಳೇ ವಿಡಿಯೋ ಗೇಮ್ ಬೋರ್ಡ್‌ಗಳನ್ನು ಬೇಗ ಟೆಸ್ಟ್ ಮಾಡೋದು ಹೇಗೆ? (ಹಾಸನ)

ಎಲ್ಲರಿಗೂ ನಮಸ್ಕಾರ. ಬಿ.ಎಂ. ರಸ್ತೆ ಹತ್ತಿರ ನಮ್ಮ ಮಾವ ನಡೆಸ್ತಿದ್ದ ವಿಡಿಯೋ ಗೇಮ್ ಅಂಗಡಿಯ 14 ಬೋರ್ಡ್‌ಗಳು ಈಗ ನನ್ನ ಹತ್ರ ಇವೆ. ಎಲ್ಲವೂ ಝಡ್80 ಪ್ರೊಸೆಸರ್‌ನವು, 56 ಪಿನ್ನಿನ ಜಾಮಾ ಕನೆಕ್ಟರ್ (ಗೇಮ್ ಬೋರ್ಡನ್ನು ಮಶೀನಿಗೆ ಜೋಡಿಸೋ ಸ್ಟ್ಯಾಂಡರ್ಡ್ ಕನೆಕ್ಟರ್). ಅಟ್ಟದ ಮೇಲೆ ಥಂಡಿ ಹಿಡಿದು ಐಸಿ ಕಾಲುಗಳು ಕಪ್ಪಾಗಿವೆ. ಸಾಕೆಟ್‌ನಿಂದ ಎತ್ತಿದರೆ ಒಂದೆರಡು ಕಾಲು ಮುರಿದು ಅಲ್ಲೇ ಉಳಿಯುತ್ತೆ. ನೋಡೋಕೆ ಸಂಕಟ ಆಗುತ್ತೆ.

ಒಂದೊಂದು ಬೋರ್ಡಿಗೂ ಇಡೀ ಭಾನುವಾರ ಹೋಗ್ತಿದೆ. ಟೆಸ್ಟ್ ಪ್ರೋಗ್ರಾಂ ಬರೆದು ಈಪ್ರಾಮ್‌ನಲ್ಲಿ (ಪ್ರೋಗ್ರಾಂ ಇಡೋ, ಅಳಿಸಿ ಮತ್ತೆ ಬರೆಯಬಹುದಾದ ಚಿಪ್) ಹಾಕ್ತೀನಿ. ರ‍್ಯಾಮೇ ಕೆಟ್ಟಿದ್ದರೆ ಅದರಲ್ಲಿರೋ ಸ್ಟ್ಯಾಕ್ (ವಾಪಸ್ ಬರಬೇಕಾದ ವಿಳಾಸ ಇಡೋ ಜಾಗ) ನಂಬೋಕಾಗಲ್ಲ, ಅದಕ್ಕೆ ಉಪಪ್ರೋಗ್ರಾಂ ಕರೆಯೋ ‘ಕಾಲ್’ ಆದೇಶ ಬಳಸದೆ ಪ್ರೊಸೆಸರ್ ಒಳಗಿನ ರಿಜಿಸ್ಟರ್‌ಗಳಲ್ಲೇ ಮುಗಿಸಿದ್ದೀನಿ. ಆದರೆ ವಾಚ್‌ಡಾಗ್ (ಪ್ರೋಗ್ರಾಂನಿಂದ ಆಗಾಗ ಸಿಗ್ನಲ್ ಬರದಿದ್ದರೆ ಬೋರ್ಡನ್ನು ಮತ್ತೆ ಶುರು ಮಾಡೋ ಸರ್ಕ್ಯೂಟ್) ಮಧ್ಯದಲ್ಲೇ ರೀಸೆಟ್ ಮಾಡಿಬಿಡುತ್ತೆ. ಒಂದು ಸಾಲು ತಿದ್ದಿದರೂ ಚಿಪ್ಪನ್ನು ಮತ್ತೆ 20 ನಿಮಿಷ ಯುವಿ ಬೆಳಕಲ್ಲಿಟ್ಟು ಅಳಿಸಬೇಕು. ಹೊತ್ತೆಲ್ಲ ಅಲ್ಲೇ ಹೋಗೋದು.

ಹಾಸನ, ಚಿಕ್ಕಮಗಳೂರು ಕಡೆ ಯಾರ ಹತ್ರಾದ್ರೂ ರೋಮ್ (ROM) ಎಮ್ಯುಲೇಟರ್, ಅಂದ್ರೆ ಈಪ್ರಾಮ್ ಬದಲು ಸಾಕೆಟ್‌ಗೆ ಸಿಕ್ಕಿಸಿ ಕಂಪ್ಯೂಟರ್‌ನಿಂದಲೇ ಪ್ರೋಗ್ರಾಂ ಬದಲಿಸೋ ಸಾಧನ, ಇದೆಯಾ? ಒಂದು ವಾರಕ್ಕೆ ಸಾಕು, ಬಾಡಿಗೆ ಕೊಡ್ತೀನಿ. ಡೇಟಾ ಲೈನ್‌ಗಳನ್ನು ಸೊನ್ನೆಗೆ ಎಳೆದು, ಪ್ರೊಸೆಸರ್ ಬರೀ ‘ನೋಪ್’ (ಏನೂ ಮಾಡದ ಆದೇಶ) ಓಡಿಸುವಾಗ ಅಡ್ರೆಸ್ ಲೈನ್‌ಗಳನ್ನು ನೋಡೋ ವಿಧಾನ ಗೊತ್ತಿರೋರು ದಯವಿಟ್ಟು ಒಮ್ಮೆ ಕೂರಿಸಿಕೊಂಡು ತೋರಿಸಿ. ಸಕಲೇಶಪುರವಾದರೂ ಸರಿ, ಬೇಲೂರಾದರೂ ಸರಿ, ಬೋರ್ಡ್ ತಗೊಂಡು ನಾನೇ ಬರ್ತೀನಿ.